ಕಡಮತ್ ದ್ವೀಪದಲ್ಲಿ ಇಪ್ಪತ್ತೊಂದು ದಿನ

ಆರೋಗ್ಯಕ್ಕಾಗಿ ಪ್ರವಾಸ ಹೊರಡುವವರು ಸಾಮಾನ್ಯವಾಗಿ ಕೆಲಸವನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ; ಕೆಲಸಕ್ಕಾಗಿ ಹೊರಡುವವರು ಎಷ್ಟೋ ಸಲ ಆರೋಗ್ಯವನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಹೋಗುವವರು ವಿರಳ. ಅಂತಹ ಪ್ರಸಂಗವೊಂದು 2025ರ ಫೆಬ್ರವರಿ ತಿಂಗಳಿನಲ್ಲಿ ನಮಗೆ ಒದಗಿತು. ಅದರ ವೃತ್ತಾಂತವು ನಮ್ಮಂತೆ ಸಂಸಾರವನ್ನೂ ಕಚೇರಿಯನ್ನೂ ಜತೆಯಾಗಿ ಎಳೆಯುತ್ತಿರುವ ವಾಚಕರಿಗೆ ಉಪಯೋಗವಾದರೂ ಆಗಬಹುದೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಉದ್ಯೋಗವು ಬಾವಿಯ ನೀರನ್ನು ಪರೀಕ್ಷಿಸುವುದು. ಕಡಲ ಕರೆಯ ಗ್ರಾಮಗಳಲ್ಲಿ ಯಾವ ಬಾವಿಗೆ ಉಪ್ಪು ಹತ್ತಿದೆ, ಯಾವುದಕ್ಕೆ ಹತ್ತಿಲ್ಲ ಎಂಬುದನ್ನು ಅಳೆದು ಪುಸ್ತಕಕ್ಕೆ ಏರಿಸುವ ಈ ಕೆಲಸದಲ್ಲಿ ಇಪ್ಪತ್ತಾರು ವರ್ಷಗಳು ಕಳೆದಿವೆ. ಕೆಲಸವು ದೊಡ್ಡದಲ್ಲ, ಆದರೆ ಬಾವಿಗಳಿಗೆ ಕೊನೆಯಿಲ್ಲ. ಕಳೆದ ಕೆಲವು ವರ್ಷಗಳಿಂದ ಹಗಲಿನ ಕೆಲಸವು ರಾತ್ರಿಗೂ, ರಾತ್ರಿಯದು ನಿದ್ರೆಗೂ ನುಗ್ಗಿಬಿಟ್ಟಿತ್ತು. ಮೊದಲು ನಿದ್ರೆ ಹೋಯಿತು. ತರುವಾಯ ಬಲಗೈ ಸಣ್ಣಗೆ ನಡುಗತೊಡಗಿತು. ಕೊನೆಗೆ ಒಂದು ಗ್ರಾಮದ ಬಾವಿಯ ಅಂಕವನ್ನು ಬರೆಯುವಾಗ ದಶಾಂಶದ ಚುಕ್ಕಿಯನ್ನು ಒಂದು ಮನೆ ಆಚೆಗೆ ಹಾಕಿಬಿಟ್ಟೆವು. ಉಪ್ಪಾದ ನೀರು ಕಾಗದದ ಮೇಲೆ ಸಿಹಿನೀರಾಯಿತು. ನಮ್ಮ ಕೈಕೆಳಗಿನ ತರುಣನೊಬ್ಬನು ವರದಿ ಅಚ್ಚಿಗೆ ಹೋಗುವ ಮುನ್ನವೇ ಅದನ್ನು ಕಂಡುಹಿಡಿದು, ಯಾರಿಗೂ ಹೇಳದೆ ನಮಗೆ ಮಾತ್ರ ತೋರಿಸಿದನು. ಆತನ ವಿನಯವೇ ನಮ್ಮನ್ನು ಹೆಚ್ಚು ನೋಯಿಸಿತು.

ನಮ್ಮ ವೈದ್ಯರು ರಕ್ತದ ಒತ್ತಡವನ್ನು ಅಳೆದು, ಗುಳಿಗೆಯನ್ನು ಬರೆದುಕೊಟ್ಟು, “ಒಂದು ತಿಂಗಳು ಎಲ್ಲಿಗಾದರೂ ಹೋಗಿ ಸುಮ್ಮನೆ ಕುಳಿತುಕೊಳ್ಳಿ. ಹೀಗೆಯೇ ನಡೆದರೆ ಮುಂದಿನ ಸಲ ಗುಳಿಗೆಯಲ್ಲಿ ಮುಗಿಯಲಾರದು” ಎಂದರು. ಸುಮ್ಮನೆ ಕುಳಿತುಕೊಳ್ಳುವ ವಿದ್ಯೆಯನ್ನು ನಾವು ಕಲಿತವರಲ್ಲ. ಅದೇ ಸಮಯಕ್ಕೆ ಲಕ್ಷದ್ವೀಪದ ಕಡಮತ್ ಎಂಬ ದ್ವೀಪದಲ್ಲಿ ನಲವತ್ತು ಬಾವಿಗಳ ನೀರನ್ನು ಅಳೆದು ಬರಬೇಕೆಂಬ ಕೆಲಸವೊಂದು ಬಂದಿತು. ಅವಧಿ ಇಪ್ಪತ್ತೊಂದು ದಿನ. ನಲವತ್ತು ಬಾವಿಗಳೆಂದರೆ ನಮಗೆ ಎಂಟು ದಿನದ ಮಾತು. ಉಳಿದ ದಿನಗಳಲ್ಲಿ ಹಳೆಯ ಬಾಕಿಯನ್ನೂ ಮುಗಿಸಬಹುದೆಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ ಒಪ್ಪಿಕೊಂಡೆವು. ನಮ್ಮ ಮನೆಯಾಕೆ ತಾನೂ ಬರುವೆನೆಂದು ಹಟ ಹಿಡಿದಳು. ಹೊರಗಿನವರು ಈ ದ್ವೀಪಗಳಿಗೆ ಹೋಗಬೇಕಾದರೆ ಸರಕಾರದ ಅನುಮತಿಪತ್ರ ಬೇಕು. ಇಬ್ಬರಿಗೂ ಅದನ್ನು ಪಡೆದು ಮಂಗಳೂರಿನಿಂದ ರೈಲು ಹತ್ತಿದೆವು.

ಹಿಂದಾಗಿದ್ದರೆ ಈ ರೈಲಿನ ಅಗತ್ಯವಿರಲಿಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಈ ಐದು ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವೆಂಬುದು ಇಂದಿನ ತರುಣರಲ್ಲಿ ಅನೇಕರಿಗೆ ತಿಳಿಯದು. ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತು ಅಮೀನಿಯವರು ಟಿಪ್ಪು ಸುಲ್ತಾನನ ಆಶ್ರಯ ಬೇಡಲು, 1787ರಲ್ಲಿ ಈ ದ್ವೀಪಗಳು ಅವನ ಕೈಗೆ ಬಂದುವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ವಶವಾಗಿ, ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಸೇರಿದುವು. ದ್ವೀಪದವರು ‘ಓಡಂ’ ಎಂಬ ಹಾಯಿಹಡಗುಗಳಲ್ಲಿ ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು, ಅದಕ್ಕೆ ಪ್ರತಿಯಾಗಿ ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಯ ಬಹುಭಾಗವು ಮೈಸೂರು ರಾಜ್ಯಕ್ಕೆ ಸೇರಿದ ದಿನವೇ ಈ ಐದು ದ್ವೀಪಗಳು ನಮ್ಮಿಂದ ಬೇರೆಯಾಗಿ, ಉಳಿದ ದ್ವೀಪಗಳೊಡನೆ ಕೇಂದ್ರಾಡಳಿತಕ್ಕೆ ಒಳಪಟ್ಟುವು. 1973ರಲ್ಲಿ ಇವೆಲ್ಲಕ್ಕೂ ಲಕ್ಷದ್ವೀಪವೆಂಬ ಹೆಸರಾಯಿತು. ಪ್ರಯಾಣಿಕರ ಹಡಗುಗಳ ಮುಖ್ಯ ರೇವು ಈಗ ಕೊಚ್ಚಿ.

ಹಡಗು ಕೊಚ್ಚಿಯನ್ನು ಬಿಟ್ಟ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಆದರೆ ಅದು ಸಮುದ್ರದ ತಪ್ಪಲ್ಲ. ಪೆಟ್ಟಿಗೆಯ ತಳದಲ್ಲಿ ಬಟ್ಟೆಗಳ ಕೆಳಗೆ ಹಳೆಯ ಬಾಕಿಯ ಕಾಗದದ ಕಟ್ಟೊಂದನ್ನು ಅಡಗಿಸಿ ತಂದಿದ್ದೆವು. ಎಲ್ಲರೂ ಮಲಗಿದ ಮೇಲೆ ಅದನ್ನು ಬಿಚ್ಚಿ ದೀಪದಡಿ ಹಿಡಿದಿದ್ದಾಗ ನಮ್ಮ ಮನೆಯಾಕೆ ಕಣ್ಣು ತೆರೆದು ನೋಡಿ, ಏನೊಂದನ್ನೂ ಆಡದೆ ಮಗ್ಗುಲು ಬದಲಿಸಿದಳು. ಆಡಿದ್ದರೆ ಉತ್ತರ ಕೊಡಬಹುದಾಗಿತ್ತು.

ಮರುದಿನ ದ್ವೀಪವು ಕಾಣಿಸಿತು. ಮೊದಲು ದಿಗಂತದಲ್ಲಿ ಒಂದು ಹಸುರು ಗೆರೆ. ಬಳಿಕ ಆ ಗೆರೆಯು ತೆಂಗಿನ ತಲೆಗಳಾಗಿ ಬಿಡಿಬಿಡಿಯಾಯಿತು. ಬೆಟ್ಟವಿಲ್ಲ, ದಿಣ್ಣೆಯಿಲ್ಲ, ನೆಲವೆಂಬುದು ನೀರಿನ ಮಟ್ಟಕ್ಕಿಂತ ಕೆಲವೇ ಅಡಿ ಮೇಲಿದೆ. ಉತ್ತರ ದಕ್ಷಿಣವಾಗಿ ಎಂಟೊಂಬತ್ತು ಕಿಲೋಮೀಟರು ಉದ್ದ. ಅತಿ ಅಗಲವಾದ ಕಡೆಯಲ್ಲಿಯೂ ಅರ್ಧ ಕಿಲೋಮೀಟರಿಗೆ ಸ್ವಲ್ಪ ಮಾತ್ರ ಹೆಚ್ಚು. ಪಶ್ಚಿಮದ ಕಡೆ ಹವಳದ ದಿಬ್ಬವು ಬೇಲಿಯಂತೆ ನಿಂತು ಒಳಗೆ ಶಾಂತವಾದ ತಿಳಿಗಡಲನ್ನು ಕಾಯುತ್ತದೆ. ಇದನ್ನು ಲಗೂನ್ ಎನ್ನುತ್ತಾರೆ. ದಿಬ್ಬದ ಆಚೆ ಕಡುನೀಲಿ, ಈಚೆ ಎಳೆಹಸುರು. ನಡುವೆ ನೊರೆಯ ಬಿಳಿಯ ಗೀಟು. ಕಡಲಿನ ತಳದಲ್ಲಿ ಮುಳುಗಿದ ಬೆಟ್ಟಗಳ ನೆತ್ತಿಯ ಮೇಲೆ ಹವಳದ ಹುಳುಗಳು ಯುಗಯುಗಗಳಿಂದ ಕಟ್ಟಿದ ಸುಣ್ಣದ ಗೋಡೆಗಳೇ ಈ ದ್ವೀಪಗಳಿಗೆ ಅಸ್ತಿಭಾರ. ಹೀಗೆ ಬೆಟ್ಟ ಮುಳುಗಿದಂತೆಲ್ಲ ಹವಳ ಮೇಲೇರುವುದೆಂಬ ವಿಚಾರವನ್ನು ಡಾರ್ವಿನ್ ಪಂಡಿತನು 1842ರಲ್ಲಿಯೇ ಗ್ರಂಥರೂಪದಲ್ಲಿ ಪ್ರಕಟಿಸಿದನು.

ನಮಗೆ ಕೊಟ್ಟ ಬಿಡಾರವು ತೆಂಗಿನ ತೋಪಿನೊಳಗೆ, ಲಗೂನಿಗೆ ನೂರು ಹೆಜ್ಜೆ ದೂರದಲ್ಲಿತ್ತು. ಜನರಲ್ಲಿ ಬಹುತೇಕರು ಮುಸಲ್ಮಾನರು, ಆಡುವ ಮಾತು ಜೆಸರಿ ಎಂಬ ಮಲೆಯಾಳದ ಒಂದು ಬಗೆ. ನಮ್ಮ ಮನೆಯಾಕೆಯ ತವರು ಕಾಸರಗೋಡಿನ ಕಡೆ. ಆಕೆಗೆ ಮಲೆಯಾಳವು ಚೆನ್ನಾಗಿ ಬರುತ್ತದೆ. ಆದರೂ ಮೊದಲೆರಡು ದಿನ ತಬ್ಬಿಬ್ಬಾದಳು. ಏಕೆಂದರೆ ಇಲ್ಲಿಯವರು ಮಾತಿನ ಮೊದಲಿನ ಪಕಾರವನ್ನು ಫಕಾರವಾಗಿ ಉಚ್ಚರಿಸುತ್ತಾರೆ. ಹಾಲು ಇಲ್ಲಿ ‘ಪಾಲ್’ ಅಲ್ಲ, ‘ಫಾಲ್’. ಮೂರನೆಯ ದಿನ ಆಕೆಯೂ ಫಕಾರದಲ್ಲಿಯೇ ವ್ಯವಹರಿಸತೊಡಗಿದಳು. ತರಕಾರಿಯು ಹಡಗಿನಲ್ಲಿ ಬರಬೇಕು. ಹಡಗು ತಡವಾದರೆ ತರಕಾರಿಯೂ ಇಲ್ಲ. ಆದರೆ ಪಕ್ಕದ ಹಿತ್ತಿಲಿನಲ್ಲಿ ಜೀಗುಜ್ಜೆಯ ಮರವನ್ನೂ ನುಗ್ಗೆಯನ್ನೂ ಕಂಡು ಆಕೆಗೆ ತವರನ್ನು ಕಂಡಷ್ಟು ಆನಂದವಾಯಿತು. ಇರುಳಿನಲ್ಲಿ ಒಂದು ನಾಯಿಯಾದರೂ ಬೊಗಳಿದುದನ್ನು ನಾವು ಅಲ್ಲಿ ಕೇಳಲಿಲ್ಲ. ಇಲಿಗಳು ಮಾತ್ರ ತೆಂಗಿನ ಮರದ ತಲೆಯಲ್ಲಿ ಸಂಸಾರ ಹೂಡಿ ಎಳೆಯ ಕಾಯಿಗಳನ್ನು ಕೊರೆದು ಬೀಳಿಸುತ್ತಿದ್ದುವು.

ಇಷ್ಟೆಲ್ಲ ಪ್ರಶಾಂತತೆಯಿದ್ದರೂ ನಮಗೆ ಮೊದಲ ನಾಲ್ಕು ದಿನ ನಿದ್ರೆ ಬರಲಿಲ್ಲ. ದೂರ ಹೋದರೆ ಚಿಂತೆಯು ಹಿಂದೆಯೇ ಉಳಿಯುವುದೆಂದು ಜನ ತಿಳಿಯುತ್ತಾರೆ. ಈ ಕಾಲದಲ್ಲಿ ಅದು ಸುಳ್ಳು. 2024ರ ಆರಂಭದಲ್ಲಿ ಕೊಚ್ಚಿಯಿಂದ ಕಡಲಿನ ತಳದಲ್ಲಿ ಹಾಸಿದ ತಂತಿಯು ದ್ವೀಪಗಳನ್ನು ಮುಟ್ಟಿದೆ. ಕಿಸೆಯ ಫೋನು ಮಂಗಳೂರಿನಲ್ಲಿ ಕೂಗಿದಂತೆಯೇ ಇಲ್ಲಿಯೂ ಕೂಗುತ್ತದೆ. ಕಚೇರಿಯು ನೂರಾರು ಕಿಲೋಮೀಟರು ನೀರಿನ ಆಚೆಯಿಂದಲೂ ನಮ್ಮ ಭುಜವನ್ನು ತಟ್ಟುತ್ತಿತ್ತು.

ಈಗ ನಮ್ಮ ಕೆಲಸದ ವಿಷಯವನ್ನು ಸ್ವಲ್ಪ ಹೇಳಬೇಕು. ಈ ದ್ವೀಪಗಳಲ್ಲಿ ಹೊಳೆಯಿಲ್ಲ, ತೊರೆಯಿಲ್ಲ. ವರ್ಷಕ್ಕೆ ಸುಮಾರು 1600 ಮಿಲಿಮೀಟರು ಮಳೆ ಬೀಳುತ್ತದೆ. ನಮ್ಮ ಮಂಗಳೂರಿಗೆ ಬೀಳುವುದರ ಅರ್ಧಕ್ಕೂ ಕಡಮೆ. ಬಿದ್ದ ನೀರು ಮರಳಿನಲ್ಲಿ ಇಳಿದು ಹೋಗುತ್ತದೆ. ಇಳಿದು ಎಲ್ಲಿಗೆ ಹೋಗುವುದು? ಕೆಳಗೆ ಇರುವುದು ಕಡಲಿನ ಉಪ್ಪುನೀರು. ಸಿಹಿನೀರು ಅದಕ್ಕಿಂತ ಹಗುರ. ಆದುದರಿಂದ ಎಣ್ಣೆಯು ನೀರಿನ ಮೇಲೆ ನಿಲ್ಲುವಂತೆ, ಮಳೆಯ ನೀರು ಉಪ್ಪುನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ನಡುವೆ ದಪ್ಪ, ಅಂಚುಗಳಲ್ಲಿ ತೆಳ್ಳಗೆ, ಕನ್ನಡಕದ ಗಾಜಿನಂತೆ. ಇದರ ಲೆಕ್ಕವನ್ನು ಹಾಲೆಂಡಿನ ಘೈಬೆನ್ ಎಂಬವನು 1888ರ ಸುಮಾರಿನಲ್ಲಿಯೂ, ಜರ್ಮನಿಯ ಹೆರ್ಜ್‌ಬರ್ಗ್ ಎಂಬವನು 1901ರಲ್ಲಿಯೂ ಬೇರೆಬೇರೆಯಾಗಿ ಕಂಡುಹಿಡಿದರು. ಸಿಹಿನೀರು ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿ ಇರಬೇಕು. ಇದು ಕೇವಲ ಲೆಕ್ಕದ ಮಾತು. ಹವಳದ ನೆಲವು ಜರಡಿಯಂತಿರುವುದರಿಂದ ಉಬ್ಬರವಿಳಿತಗಳು ಕೆಳಗಿನ ನೀರನ್ನು ಅಲ್ಲಾಡಿಸಿ ಬೆರಸುತ್ತಲೇ ಇರುತ್ತವೆ; ನಿಜವಾಗಿ ಸಿಕ್ಕುವ ಸಿಹಿನೀರಿನ ಪದರು ಬಹು ತೆಳು.

ಈ ಲೆಕ್ಕದಲ್ಲಿ ಒಂದು ಭಯವೂ ಅಡಗಿದೆ. ಮೇಲೆ ಒಂದು ಅಡಿ ನೀರನ್ನು ಅವಸರದಿಂದ ಎತ್ತಿದರೆ ಕೆಳಗಿನ ಉಪ್ಪು ಅದರ ಹಲವು ಪಾಲು ಮೇಲಕ್ಕೆ ಏರಿ ಬರುತ್ತದೆ. ಕೊಡವನ್ನು ಹಗ್ಗದಿಂದ ಇಳಿಸಿ ಮೆಲ್ಲಗೆ ಎತ್ತಿದ ಬಾವಿಯು ತಲೆಮಾರುಗಳ ಕಾಲ ಸಿಹಿಯಾಗಿರುತ್ತದೆ. ಅದೇ ಬಾವಿಗೆ ದೊಡ್ಡ ಪಂಪನ್ನು ಇಳಿಸಿದರೆ ಒಂದು ದಿನದಲ್ಲಿ ಉಪ್ಪಾಗಬಹುದು. ನೂರು ಚೊಂಬು ಸಿಹಿನೀರಿಗೆ ಎರಡೇ ಚೊಂಬು ಕಡಲ ನೀರು ಬೆರೆತರೂ ಸಾಕು, ಅದು ಕುಡಿಯುವ ನೀರಿನ ಒಳ್ಳೆಯ ಮೇರೆಯನ್ನು ದಾಟುತ್ತದೆ.

ಕುಡಿಯುವ ನೀರಿಗೆ ಈಗ ಬೇರೆಯ ಉಪಾಯವೂ ಬಂದಿದೆ. ಕಡಲಿನ ಮೇಲುಮಟ್ಟದ ಬೆಚ್ಚಗಿನ ನೀರನ್ನು ಗಾಳಿಯ ಒತ್ತಡ ಕಡಮೆ ಮಾಡಿದ ಕೊಠಡಿಯಲ್ಲಿ ಆವಿಯಾಗಿಸಿ, ನೂರಾರು ಮೀಟರು ಆಳದಿಂದ ಎತ್ತಿದ ತಣ್ಣೀರಿನ ಕೊಳವೆಗಳಿಂದ ಆ ಆವಿಯನ್ನು ಮತ್ತೆ ನೀರಾಗಿಸುವ ಯಂತ್ರಾಗಾರವನ್ನು ಕವರತ್ತಿಯಲ್ಲಿ 2005ರಲ್ಲಿಯೂ, ಕಡಮತ್ತಿನಲ್ಲಿ 2024ರಲ್ಲಿಯೂ ತೆರೆದರು. ಇಲ್ಲಿಯದರ ಶಕ್ತಿ ದಿನಕ್ಕೆ ಒಂದೂವರೆ ಲಕ್ಷ ಲೀಟರು. ಐದು ಸಾವಿರಕ್ಕೆ ಮೀರಿದ ಜನಕ್ಕೆ ಹಂಚಿದರೆ ತಲೆಗೆ ಮೂವತ್ತು ಲೀಟರೂ ಬಾರದು. ಕುಡಿಯಲು, ಅಡಿಗೆಗೆ ಅದು ದೊಡ್ಡ ಉಪಕಾರ. ಸ್ನಾನಕ್ಕೆ, ಬಟ್ಟೆಗೆ, ಹಿತ್ತಿಲಿಗೆ ಬಾವಿಯೇ ಗತಿ. ಬಾವಿಯು ಕೆಟ್ಟರೆ ಮನೆಯು ಕೆಟ್ಟಂತೆ.

ನಮಗಿದ್ದ ಆಜ್ಞೆಯು ಹೀಗಿತ್ತು: ಪ್ರತಿಯೊಂದು ಬಾವಿಯನ್ನೂ ಉಬ್ಬರದಲ್ಲಿ ಒಮ್ಮೆ, ಇಳಿತದಲ್ಲಿ ಒಮ್ಮೆ ಅಳೆಯಬೇಕು, ಹಾಗೆ ಮೂರು ಆವೃತ್ತಿ, ವಾರಕ್ಕೊಂದರಂತೆ. ದ್ವೀಪದ ಬಾವಿಯ ನೀರು ಕಡಲಿನೊಡನೆ ಏರಿ ಇಳಿಯುತ್ತದೆ, ಆದರೆ ಸ್ವಲ್ಪ ತಡವಾಗಿ. ಉಬ್ಬರವು ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದಕ್ಕೆ ಬೀಳುತ್ತದೆ. ಕಡಲಿಗೆ ನಮ್ಮ ಗಡಿಯಾರದ ಹಂಗಿಲ್ಲ. ನಮಗೆ ಇದು ಕಾಲಹರಣವಾಗಿ ಕಂಡಿತು. ಮೊದಲ ಆವೃತ್ತಿಯಲ್ಲಿ ಸರಿಯಾಗಿರುವ ಬಾವಿಗಳನ್ನೂ ಕೆಟ್ಟಿರುವ ಬಾವಿಗಳನ್ನೂ ಆಗಲೇ ನಿರ್ಣಯಿಸಿಬಿಟ್ಟು, ಸಂಶಯದವನ್ನು ಮಾತ್ರ ಮತ್ತೆ ನೋಡಿದರಾಯಿತೆಂದು ತೀರ್ಮಾನಿಸಿದೆವು. ದಿನಕ್ಕೆ ಹತ್ತು ಬಾವಿಗಳಂತೆ ಓಡಾಡಿದೆವು. ರಾತ್ರಿ ಸೀಸೆಗಳನ್ನು ಸಾಲಾಗಿಟ್ಟು ಬೆಳ್ಳಿಯ ಲವಣದ ದ್ರಾವಣದಿಂದ ಉಪ್ಪನ್ನು ಪರೀಕ್ಷಿಸುತ್ತಿದ್ದೆವು. ಗಾಜಿನ ಬ್ಯುರೆಟ್ಟಿನಿಂದ ತೊಟ್ಟುತೊಟ್ಟಾಗಿ ಬಿಡುತ್ತ ಹೋಗಬೇಕು; ಹಳದಿಯ ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ತೊಟ್ಟಿನಲ್ಲಿಯೇ ನಿಲ್ಲಿಸಬೇಕು. ನಮ್ಮ ಕೈಯು ನಡುಗಿ ಆ ತೊಟ್ಟನ್ನು ದಾಟಿ ಹೋಗುತ್ತಿತ್ತು. ಒಂದೊಂದು ಸೀಸೆಯನ್ನು ಮೂರು ಸಲ ಮಾಡಿದರೂ ಮೂರು ಅಂಕಗಳು ಬರುತ್ತಿದ್ದುವು.

ಎರಡನೆಯ ದಿನ ಹದಿನೇಳನೆಯ ಬಾವಿಯ ಬಳಿಗೆ ಹೋದೆವು. ಅದು ಒಬ್ಬ ವೃದ್ಧೆಯ ಮನೆಯದು, ಎಪ್ಪತ್ತರ ಮೇಲಾಗಿರಬೇಕು. ನಾವು ಆಕೆಯನ್ನು ‘ಉಮ್ಮ’ ಎಂದೇ ಕರೆಯುತ್ತಿದ್ದೆವು. ಈ ದ್ವೀಪಗಳಲ್ಲಿ ಮನೆತನವು ತಾಯಿಯ ಕಡೆಯಿಂದ ನಡೆಯುತ್ತದೆ. ನಮ್ಮ ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ಇದು ಹೊಸತಲ್ಲ. ತರವಾಡಿನ ಹಿರಿಯರಿಂದ ಬಂದ ಆಸ್ತಿಗೆ ‘ಶುಕ್ರವಾರದ ಸ್ವತ್ತು’ ಎಂದೂ, ತಾನೇ ಗಳಿಸಿದುದಕ್ಕೆ ‘ಸೋಮವಾರದ ಸ್ವತ್ತು’ ಎಂದೂ ಹೆಸರು. ಈ ಬಾವಿಯು ಉಮ್ಮನ ಅಜ್ಜಿ ತೋಡಿಸಿದ ಶುಕ್ರವಾರದ ಸ್ವತ್ತು. ಹವಳದ ಕಲ್ಲಿನ ಕಟ್ಟೆ ಹಗ್ಗ ಉಜ್ಜಿ ಉಜ್ಜಿ ನಯವಾಗಿತ್ತು.

ಆ ರಾತ್ರಿ ಪರೀಕ್ಷಿಸಿದಾಗ ಒಂದು ಲೀಟರಿಗೆ 1400 ಮಿಲಿಗ್ರಾಮು ಕ್ಲೋರೈಡು ಕಂಡಿತು. ಒಳ್ಳೆಯ ನೀರಿಗೆ ಮೇರೆ 250. ಬೇರೆ ನೀರು ಸಿಕ್ಕದ ಕಡೆ 1000ದವರೆಗೆ ಸಹಿಸಬಹುದೆಂದು ನಮ್ಮ ದೇಶದ ನಿಯಮ. ಮರುದಿನ ಬೆಳಗ್ಗೆ ಉಮ್ಮನ ಮನೆಯ ಜಗಲಿಯಲ್ಲಿಯೇ ಕುಳಿತು, ‘ಅಯೋಗ್ಯ’ ಎಂದು ಪುಸ್ತಕದಲ್ಲಿ ಬರೆದೆವು. ಹೀಗೆ ಬರೆದ ಬಾವಿಯನ್ನು ಮುಚ್ಚಿಸಲು ಶಿಫಾರಸು ಹೋಗುವುದು ರೂಢಿ. ನಾವು ತಲೆಯೆತ್ತದೆ ಮುಂದಿನ ಬಾವಿಗೆ ಎದ್ದೆವು.

ಉಮ್ಮನು ನಮ್ಮನ್ನು ಕೇಳಲಿಲ್ಲ; ಸಂಗಡ ಬಂದಿದ್ದ ನಮ್ಮ ಮನೆಯಾಕೆಯನ್ನು ಕೇಳಿದಳು: “ಮಗಳೇ, ಅವರು ಏನು ಬರೆದರು?” ಆಕೆ ಸಂಕೋಚದಿಂದಲೇ ಇದ್ದುದನ್ನು ಹೇಳಿದಳು. ಉಮ್ಮನು ಸಿಟ್ಟಾಗಲಿಲ್ಲ. “ನಾಲ್ಕು ದಿನದ ಹಿಂದೆ ನೆರೆಮನೆಯಲ್ಲಿ ನಿಕಾಹ್ ಆಯಿತು. ಅಡಿಗೆಗೆಂದು ಪಂಪು ಇಳಿಸಿ ಒಂದು ಹಗಲು, ಒಂದು ಇರುಳು ಇದೇ ಬಾವಿಯಿಂದ ನೀರೆತ್ತಿದರು. ಮದುವೆಯ ಮನೆಗೆ ಇಲ್ಲವೆನ್ನಲಾದೀತೆ? ಬಾವಿ ದಣಿದಿದೆ, ಮಗಳೇ. ದಣಿದವರ ಮಾತನ್ನು ಬರೆದುಕೊಳ್ಳಬಾರದು. ಒಂದು ವಾರ ಕಳೆದು ಬಂದು ಕೇಳಲಿ” ಎಂದಳು.

ನಮ್ಮ ಮನೆಯಾಕೆ ಇದನ್ನು ಕನ್ನಡದಲ್ಲಿ ನಮಗೆ ಹೇಳಿ, ತನ್ನ ಕಡೆಯಿಂದ ಒಂದು ಮಾತನ್ನೂ ಸೇರಿಸದೆ ನಿಂತಳು. ನಾವು ಲೇಖಣಿಯನ್ನು ಹಿಡಿದ ಕೈಯನ್ನು ನೋಡಿಕೊಂಡೆವು. ಅದು ನಡುಗುತ್ತಿತ್ತು. ಊರಿನಲ್ಲಿ ದಶಾಂಶದ ಚುಕ್ಕಿಯನ್ನು ತಪ್ಪಿ ಹಾಕಿದ್ದು ಇದೇ ಕೈ. ಆಗ ಕೆಟ್ಟ ಬಾವಿಯನ್ನು ಒಳ್ಳೆಯದೆಂದು ಬರೆದಿದ್ದೆವು. ಈಗ ಪ್ರಾಯಶಃ ಒಳ್ಳೆಯ ಬಾವಿಯನ್ನು ಕೆಟ್ಟದೆಂದು ಬರೆದೆವು. ಮೂರು ಆವೃತ್ತಿ ಅಳೆಯಬೇಕೆಂಬ ಆಜ್ಞೆಯನ್ನು ಮಾಡಿದವರು ನಮಗಿಂತ ತಿಳಿದವರೇ ಆಗಿದ್ದರು. ಅದನ್ನು ಕಾಲಹರಣವೆಂದು ಬಗೆದ ನಮ್ಮ ಅವಸರವು ಒಂದು ಮನೆಯ ನಾಲ್ಕು ತಲೆಮಾರಿನ ನೀರಿಗೆ ಕಲ್ಲು ಹಾಕುವುದರಲ್ಲಿತ್ತು. ಆ ಪದದ ಮೇಲೆ ಗೀಟೆಳೆದು, ‘ಪುನಃ ನೋಡತಕ್ಕದ್ದು’ ಎಂದು ಬರೆದೆವು.

ಅಂದಿನಿಂದ ಕಡಲಿನ ಹೊತ್ತಿಗೆ ನಮ್ಮ ಹೊತ್ತನ್ನು ಕಟ್ಟಿಕೊಂಡೆವು. ಉಬ್ಬರಕ್ಕೆ ಕೆಲವು ಬಾವಿಗಳು, ಇಳಿತಕ್ಕೆ ಅವೇ ಬಾವಿಗಳು. ನಡುವೆ ಐದಾರು ಗಂಟೆಗಳ ಕಾಲ ಮಾಡುವುದಕ್ಕೆ ಏನೂ ಇಲ್ಲ. ಈ ಐದಾರು ಗಂಟೆಗಳನ್ನು ಏನು ಮಾಡಬೇಕೆಂದು ತಿಳಿಯದೆ ಮೊದಲು ಬಿಡಾರದ ಸುತ್ತ ತಿರುಗಿದೆವು. ಹಳೆಯ ಕಾಗದದ ಕಟ್ಟನ್ನು ಹುಡುಕಿದರೆ ಅದು ಪೆಟ್ಟಿಗೆಯಲ್ಲಿರಲಿಲ್ಲ. ನಮ್ಮ ಮನೆಯಾಕೆಯನ್ನು ಕೇಳಿದೆವು. “ಹಡಗು ಹತ್ತುವ ದಿನ ಕೊಡುತ್ತೇನೆ” ಎಂದು ಜೀಗುಜ್ಜೆಯನ್ನು ಹೆಚ್ಚುತ್ತಲೇ ಹೇಳಿದಳು. ಆ ಸ್ವರವನ್ನು ಬಲ್ಲವರಾದುದರಿಂದ ಎರಡನೆಯ ಸಲ ಕೇಳಲಿಲ್ಲ.

ಹೀಗಾಗಿ ನೋಡುವುದಕ್ಕೆ ಪುರಸೊತ್ತಾಯಿತು. ಲಗೂನಿನ ದಡದ ಮರಳಿನಲ್ಲಿ ಹೆಂಗಸರು ತೆಂಗಿನ ಸಿಪ್ಪೆಯನ್ನು ಹೂತಿಡುತ್ತಾರೆ. ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಕೊಳೆತ ಮೇಲೆ ತೆಗೆದು ಬಡಿದರೆ ಬಿಳುಪಾದ ನಾರು ಬರುತ್ತದೆ. ಅದನ್ನು ಅವಸರಪಡಿಸಿದರೆ ನಾರು ಒರಟಾಗುತ್ತದೆಯಂತೆ. ಮರದಿಂದ ಇಳಿಸಿದ ‘ಮೀರ’ ಎಂಬ ಸಿಹಿಯಾದ ರಸವನ್ನು ಕಾಯಿಸಿ ಬೆಲ್ಲ ಮಾಡುತ್ತಾರೆ. ಸಂಜೆ ನೀರು ಇಳಿದಾಗ ಲಗೂನಿನಲ್ಲಿ ಹಸುರು ಕಡಲಾಮೆಗಳ ತಲೆಗಳು ಅಲ್ಲಲ್ಲಿ ಮೇಲೆದ್ದು ಮುಳುಗುತ್ತಿದ್ದುವು. ಇವು ತಳದ ಕಡಲಹುಲ್ಲನ್ನು ಮೇಯುತ್ತವೆ. ಅಗತ್ತಿ ದ್ವೀಪದ ಲಗೂನಿನಲ್ಲಿ ಇವುಗಳ ಸಂಖ್ಯೆ ಅತಿಯಾಗಿ ಹುಲ್ಲುಗಾವಲು ಸವೆದುಹೋದ ಮೇಲೆ ಇವು ಕಡಮತ್ತಿನ ಕಡೆ ಬಂದುವೆಂದೂ, ಇಲ್ಲಿಯ ಹುಲ್ಲೂ ಕ್ಷೀಣಿಸಿತೆಂದೂ ಅಭ್ಯಾಸ ಮಾಡಿದವರು ಬರೆದಿದ್ದಾರೆ. ಮೇಯುವ ವೇಗವು ಬೆಳೆಯುವ ವೇಗವನ್ನು ಮೀರಿದರೆ ಕಡಲಿನಷ್ಟು ದೊಡ್ಡ ಕಣಜವೂ ಬರಿದಾಗುತ್ತದೆ.

ಆರನೆಯ ರಾತ್ರಿ ನಾವು ಊಟದ ತರುವಾಯ ದಡದಲ್ಲಿ ಚಾಪೆ ಹಾಸಿ ಕುಳಿತಿದ್ದೆವು. ದಿಬ್ಬದ ಮೇಲೆ ಅಲೆ ಒಡೆಯುವ ಸದ್ದು ದೂರದಿಂದ ಒಂದೇ ಸಮನೆ ಕೇಳಿಸುತ್ತಿತ್ತು. ನಮ್ಮ ಮನೆಯಾಕೆ ಮನೆಯ ಮಾತೇನೋ ಹೇಳುತ್ತಿದ್ದಳು. ಉತ್ತರ ಕೊಟ್ಟಂತೆಯೇ ನೆನಪು. ಕಣ್ಣು ತೆರೆದಾಗ ಮೈಮೇಲೆ ಹೊದಿಕೆಯಿತ್ತು, ಪೂರ್ವದಲ್ಲಿ ಬೆಳಕಿತ್ತು. ಆಕೆ ಪಕ್ಕದಲ್ಲಿಯೇ ಕುಳಿತು ತೂಕಡಿಸುತ್ತಿದ್ದಳು. ಎಷ್ಟೋ ತಿಂಗಳುಗಳ ಮೇಲೆ ಒಂದು ಇಡೀ ರಾತ್ರಿ ನಿದ್ರೆ ಮಾಡಿದ್ದೆವು. ಎಬ್ಬಿಸಿದರೆ ಮತ್ತೆ ಬಾರದೆಂಬ ಭಯದಿಂದ ಆಕೆ ಎಬ್ಬಿಸದೆ ಬೆಳಗಿನವರೆಗೆ ಕಾದಿದ್ದಳು.

ಎರಡನೆಯ ಆವೃತ್ತಿಯಲ್ಲಿ, ಒಂಬತ್ತನೆಯ ದಿನ, ಉಮ್ಮನ ಬಾವಿಯ ಅಂಕವು 620 ಆಗಿತ್ತು. ಮೂರನೆಯದರಲ್ಲಿ, ಹದಿನಾರನೆಯ ದಿನ, 340. ಒಳ್ಳೆಯ ಮೇರೆಗೆ ಇನ್ನೂ ಸ್ವಲ್ಪ ಮೇಲೆಯೇ. ಆದರೆ ಬಳಕೆಗೆ ಯೋಗ್ಯವಾದುದು. ಕೊನೆಯ ಸೀಸೆಯನ್ನು ಪರೀಕ್ಷಿಸುವಾಗ ಇನ್ನೊಂದು ವಿಷಯವೂ ನಮ್ಮ ಗಮನಕ್ಕೆ ಬಂದಿತು. ಬಣ್ಣ ತಿರುಗಿದ ತೊಟ್ಟಿನಲ್ಲಿಯೇ ನಮ್ಮ ಕೈ ನಿಂತಿತ್ತು. ಮತ್ತೊಮ್ಮೆ ಮಾಡಿದೆವು, ಅದೇ ಅಂಕ. ಮೂರನೆಯ ಸಲ ಮಾಡುವ ಅಗತ್ಯ ಕಾಣಲಿಲ್ಲ.

ಬಾವಿಯ ಮುಂದೆ ‘ಬಳಸಬಹುದು, ಪಂಪು ಇಳಿಸಕೂಡದು’ ಎಂದು ಬರೆದು, ಅದನ್ನು ಉಮ್ಮನಿಗೂ ಹೇಳಿದೆವು. ಆಕೆ ನಕ್ಕಳು. ತನಗೆ ಗೊತ್ತಿದ್ದುದನ್ನು ಅಳತೆಗಾರರು ಇಪ್ಪತ್ತು ದಿನದಲ್ಲಿ ಕಲಿತರಲ್ಲ ಎಂಬ ಸಂತೋಷವಿರಬೇಕು. ಹೊರಡುವ ದಿನ ತೆಂಗಿನ ತುರಿಯನ್ನೂ ಬೆಲ್ಲವನ್ನೂ ಪಾಕ ಹಿಡಿದು ಬಾಳೆಯೆಲೆಯಲ್ಲಿ ಸುತ್ತಿದ ‘ದ್ವೀಪುಂಡ’ ಎಂಬ ಉಂಡೆಗಳನ್ನು ನಮ್ಮ ಮನೆಯಾಕೆಯ ಮಡಿಲಿಗೆ ಹಾಕಿದಳು.

ಆದರೆ ಎಲ್ಲವೂ ಶುಭವೆಂದು ಬರೆದರೆ ಸತ್ಯಕ್ಕೆ ಕೊರತೆಯಾದೀತು. ನಲವತ್ತರಲ್ಲಿ ಏಳು ಬಾವಿಗಳು ಮೂರು ಆವೃತ್ತಿಗಳಲ್ಲಿಯೂ ಚೇತರಿಸಿಕೊಳ್ಳಲಿಲ್ಲ; ಅವುಗಳ ಮುಂದೆ ಅಯೋಗ್ಯವೆಂದೇ ಬರೆಯಬೇಕಾಯಿತು. ಜನ ಹೆಚ್ಚಿದ್ದಾರೆ, ಪಂಪುಗಳು ಹೆಚ್ಚಿವೆ, ಶೌಚದ ಗುಂಡಿಗಳು ಬಾವಿಗೆ ಹತ್ತಿರವಾಗಿವೆ. ಕಡಲಿನ ನೀರು ಬಿಸಿಯಾಗಿ 1998, 2010, 2016 ಮತ್ತು 2024ರಲ್ಲಿ ಈ ದ್ವೀಪಗಳ ಹವಳಗಳು ಬೆಳ್ಳಗಾದುವು, ಅನೇಕವು ಸತ್ತುವು. ಹವಳದ ಬೇಲಿಯು ಕುಸಿದರೆ ಅಲೆಯು ನೆಲವನ್ನು ಕೊರೆಯುತ್ತದೆ. ಬಂಗಾರಂ ದ್ವೀಪದ ಬಳಿಯಿದ್ದ ಪರಳಿ ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪವೊಂದು ಹೀಗೆ ಸವೆದು ಪೂರ್ತಿಯಾಗಿ ಮಾಯವಾಗಿರುವುದೆಂದು 2017ರಲ್ಲಿ ಸಂಶೋಧಕರು ತಿಳಿಸಿದರು. ದಣಿದುದು ವಿಶ್ರಾಂತಿಯಿಂದ ಚೇತರಿಸಿಕೊಳ್ಳುತ್ತದೆ, ನಿಜ. ಆದರೆ ಒಂದು ಮೇರೆಯನ್ನು ದಾಟಿ ದಣಿದುದು ಚೇತರಿಸಿಕೊಳ್ಳಲಾರದು. ಆ ಏಳು ಬಾವಿಗಳು ನಮಗೆ ಹೇಳಿದ ಮಾತು ಇದು. ಉಮ್ಮನ ಬಾವಿಯ ಮಾತಿನಷ್ಟೇ ಇದನ್ನೂ ನೆನಪಿಟ್ಟುಕೊಂಡಿದ್ದೇವೆ.

ಹಡಗು ಹತ್ತಿದ ಸಂಜೆ ನಮ್ಮ ಮನೆಯಾಕೆ ಕೊಟ್ಟ ಮಾತಿನಂತೆ ಕಾಗದದ ಕಟ್ಟನ್ನು ತಂದು ಮುಂದಿಟ್ಟಳು. ಅದು ಅಕ್ಕಿಯ ಡಬ್ಬಿಯಲ್ಲಿತ್ತಂತೆ; ಹಾಳೆಗಳ ನಡುವೆ ಎರಡು ಅಕ್ಕಿಕಾಳುಗಳಿದ್ದುವು. ಮೊದಲ ಹಾಳೆಯನ್ನು ನೋಡಿ, ಕಟ್ಟನ್ನು ಹಾಗೆಯೇ ಮಡಚಿ, “ಸೋಮವಾರ ನೋಡೋಣ” ಎಂದೆವು. ಆಕೆ ಆಗಲೂ ಏನನ್ನೂ ಆಡಲಿಲ್ಲ.

ಊರಿಗೆ ಬಂದ ಮೇಲೆ ವೈದ್ಯರು ಮತ್ತೆ ಅಳೆದು ನೋಡಿದರು. ಒತ್ತಡವು ಇಳಿದಿದೆ, ಮೇರೆಗೆ ಬಂದಿಲ್ಲ, ಗುಳಿಗೆಯನ್ನು ಬಿಡುವಂತಿಲ್ಲವೆಂದರು. ಉಮ್ಮನ ಬಾವಿಯ ಲೆಕ್ಕವೇ. ಕಚೇರಿಯ ಬಾವಿಗಳು ಮುಗಿದಿಲ್ಲ, ಮುಗಿಯುವಂತೆಯೂ ಇಲ್ಲ. ಆದರೆ ಈಗ ಕೊಡದಿಂದ ಎತ್ತುತ್ತೇವೆ, ಪಂಪು ಇಳಿಸುವುದಿಲ್ಲ. ರಾತ್ರಿ ಹತ್ತಕ್ಕೆ ದೀಪವಾರುತ್ತದೆ. ಯಾವ ಅಂಕವನ್ನೂ ದಣಿದ ಕೈಯಿಂದ ಪುಸ್ತಕಕ್ಕೆ ಏರಿಸುವುದಿಲ್ಲವೆಂಬ ನಿಯಮವನ್ನು ನಮ್ಮ ಕೈಕೆಳಗಿನ ಆ ತರುಣನಿಗೂ ಹೇಳಿದ್ದೇವೆ. ವಾರದಲ್ಲಿ ಒಂದೆರಡು ದಿನ ನಾವೇ ನಿಯಮವನ್ನು ಮುರಿಯುವುದುಂಟು. ಆಗ ಅಡಿಗೆಯ ಮನೆಯಿಂದ ಅಕ್ಕಿಯ ಡಬ್ಬಿಯ ಮುಚ್ಚಳದ ಸದ್ದು ಕೇಳಿಸುತ್ತದೆ. ನಾವು ಲೇಖಣಿಯನ್ನು ಕೆಳಗಿಡುತ್ತೇವೆ.